ಅಂಗಳದ ಆಚೆ ಕೂತಿದ್ದ ಹುಡುಗಿ

ನಮ್ಮ ಮನೆಯಲ್ಲಿ ವಾದಕ್ಕೆ ಸಮಯದ ಲೆಕ್ಕ ಇಡುವುದು ಕುಕ್ಕರು. ಅಮ್ಮ ಬೇಳೆಯ ಮೇಲೆ ಮುಚ್ಚಳ ಹಾಕಿದ ಕೂಡಲೇ ನಾನು ಶುರು ಮಾಡಬಹುದು. ಮೊದಲ ಸೀಟಿಯವರೆಗೆ ನನ್ನ ಮಾತು, ಎರಡನೆಯದರವರೆಗೆ ಅವಳದು, ಮೂರನೆಯದಾದ ಮೇಲೆ ಯಾರೂ ಮಾತಾಡುವಂತಿಲ್ಲ, ತಟ್ಟೆ ಹಾಕಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟೆ ಹೊಡೆದಾಗಲೆಲ್ಲ ನನಗೆ ಹಸಿವಾಗುತ್ತಿದ್ದದ್ದು ಇದೇ ಕಾರಣಕ್ಕೆ ಅಂತ ನನ್ನ ಗುಮಾನಿ.

ಆ ಬೇಸಿಗೆಯಲ್ಲಿ ನಮ್ಮ ವಿಷಯ ಒಂದು ಮಸೂದೆ. ರಾಜ್ಯದ ಪ್ರತಿ ಮಗುವಿಗೂ ಒಂದು ಸಂಖ್ಯೆ. ಒಂದನೇ ತರಗತಿಯಿಂದ ಕಾಲೇಜು ಮುಗಿಯುವವರೆಗೆ ಹಾಜರಿ, ಅಂಕ, ಶಾಲೆ ಬದಲಾಯಿಸಿದ್ದು, ಶಾಲೆ ಬಿಟ್ಟಿದ್ದು ಎಲ್ಲ ಆ ಸಂಖ್ಯೆಯ ಹಿಂದೆ ಒಂದೇ ಕಡೆ. ಕಂಪ್ಯೂಟರಿನಲ್ಲಿ ಇದು ವರ್ಷಗಳಿಂದ ನಡೆಯುತ್ತಲೇ ಇದೆ. ಈಗ ಅದಕ್ಕೊಂದು ಕಾನೂನು ಮಾಡುತ್ತೇವೆ, ಕರಡು ಓದಿ ಅಭಿಪ್ರಾಯ ಹೇಳಿ ಅಂತ ಶಿವಾಜಿನಗರದ ಹತ್ತಿರದ ಒಂದು ಸಭಾಂಗಣಕ್ಕೆ ಸಾರ್ವಜನಿಕರನ್ನು ಕರೆದಿದ್ದರು. ಕಾನೂನು ಓದಿ, ಇಂದಿರಾನಗರದ ಶಾಲೆಗಳಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತಾ ಇರುವ ನನಗೆ ಇಂಥ ಕಡೆ ಹೋಗದೆ ಇರಲು ಆಗುವುದಿಲ್ಲ. ವಿರೋಧಿಸಿ ಮಾತಾಡುವವಳೆಂದು ಹೆಸರು ಕೊಟ್ಟು ಬಂದಿದ್ದೆ.

ಅಮ್ಮ ಪರ. ಅವಳು ಸರ್ಕಾರಿ ಕನ್ನಡ ಶಾಲೆಯ ಹೆಡ್‌ಮಿಸ್.

"ಮೂರನೇ ಕ್ಲಾಸಲ್ಲಿ ಲೆಕ್ಕದಲ್ಲಿ ಫೇಲಾದ ಮಗು ಮೂವತ್ತನೇ ವಯಸ್ಸಿಗೂ ಅದನ್ನ ಹೊತ್ಕೊಂಡು ತಿರುಗ್ಬೇಕಾ?" ಎಂದೆ.

"ನೀನು ಮೂರನೇ ಕ್ಲಾಸಲ್ಲಿ ಲೆಕ್ಕದಲ್ಲಿ ಫೇಲಾಗಿದ್ದು ನನಗೆ ಚೆನ್ನಾಗಿ ಜ್ಞಾಪಕ ಇದೆ," ಎಂದಳು ಅಮ್ಮ, ಸಾಸಿವೆ ಡಬ್ಬಿ ಹುಡುಕುತ್ತಾ. "ಅದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ."

"ಅದೇ ನಾನು ಹೇಳ್ತಿರೋದು. ಮನುಷ್ಯರು ಒಂದಲ್ಲ ಒಂದು ದಿನ ಮರೀತಾರೆ. ಅದು ಮರೆಯಲ್ಲ."

"ನಾನೆಲ್ಲಿ ಮರೆತೆ?"

"ಒಂದು ಸೀಟಿ ಆಯ್ತು," ಎಂದರು ಅಪ್ಪ ಪೇಪರಿನ ಹಿಂದಿನಿಂದ. ಅವರು ಯಾವ ಪಕ್ಷವೂ ಅಲ್ಲ. ಬೇಳೆಯ ಪಕ್ಷ.

ಅಮ್ಮನ ವಾದ ನನಗೆ ಬಾಯಿಪಾಠ. ಅವಳಿಗೆ ಹಿಂದೆ ಕೆ.ಆರ್. ಪುರದ ಕಡೆ ಕೆಲಸವಿದ್ದಾಗ, ಕಟ್ಟಡ ಕೆಲಸದವರ ಶೆಡ್ಡುಗಳಿಂದ ಅಣ್ಣ ತಂಗಿ ಇಬ್ಬರು ಬರುತ್ತಿದ್ದರಂತೆ. ಒಂದು ಸೋಮವಾರ ಬರಲಿಲ್ಲ. ಅಮ್ಮ ಹುಡುಕಿಕೊಂಡು ಹೋದರೆ ನೀಲಿ ಟಾರ್ಪಾಲು ಕಟ್ಟಿದ್ದ ಜಾಗದಲ್ಲಿ ಒಲೆ ಹೂಡಿದ್ದ ಕಲ್ಲುಗಳು ಮಾತ್ರ ಇದ್ದವು. ಮೇಸ್ತ್ರಿಯನ್ನು ಕೇಳಿದರೆ, "ಬೇರೆ ಸೈಟಿಗೆ ಹೋದ್ರು ಮೇಡಂ," ಎಂದ. ಯಾವ ಸೈಟು, ಯಾವ ಊರು, ಅಲ್ಲಿ ಶಾಲೆ ಇತ್ತೇ, ಒಂದೂ ಗೊತ್ತಾಗಲಿಲ್ಲ.

"ಮಗು ಎಲ್ಲಿ ಹೋಯ್ತು ಅಂತ ಸರ್ಕಾರಕ್ಕೆ ಗೊತ್ತಿರೋದು ನಿನಗೆ ಭಯ," ಎನ್ನುತ್ತಾಳೆ ಅಮ್ಮ. "ಯಾರಿಗೂ ಗೊತ್ತಿಲ್ದೇ ಇರೋದು ನನಗೆ ಭಯ."

ಇದಕ್ಕೆ ಉತ್ತರ ನನ್ನಲ್ಲಿದೆ. ಎರಡು ನಿಮಿಷದ ಉತ್ತರ, ಮೂರು ಉಪವಾದಗಳಿವೆ. ಆದರೆ ಅಮ್ಮ ಆ ಮಾತು ಹೇಳುವುದು ಯಾವಾಗಲೂ ಮೂರನೇ ಸೀಟಿ ಹೊಡೆಯುವ ಹೊತ್ತಿಗೇ. ಮೂವತ್ತು ವರ್ಷ ತರಗತಿ ನಡೆಸಿದವಳಿಗೆ ಗಂಟೆಯ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು.

ಆ ಹುಡುಗಿ ನಮ್ಮ ಮನೆಗೆ ಬಂದದ್ದು ಈ ವಾದದ ನಡುವೆ, ಬೇಸಿಗೆ ರಜೆ ಮುಗಿಯುತ್ತಾ ಬಂದಾಗ. ಹಲಸೂರಿನಲ್ಲಿ ಇಸ್ತ್ರಿ ಗಾಡಿ ಇಟ್ಟಿರುವ ಅಜ್ಜಿಯೊಂದಿಗೆ ನಮ್ಮ ಜೀವನ್ ಬಿಮಾ ನಗರದವರೆಗೆ ನಡೆದುಕೊಂಡೇ ಬಂದಿದ್ದಳು. ಅಮ್ಮನ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ್ದಳು, ತರಗತಿಗೇ ಮೊದಲು. ಎಂಟನೆಯದಕ್ಕೆ ಇಂದಿರಾನಗರದ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಸೀಟು ಕೊಡುತ್ತೇವೆ ಅಂದಿದ್ದರು. ಟಿ.ಸಿ. ತನ್ನಿ, ಕಂಪ್ಯೂಟರಿನಿಂದ ಬಂದದ್ದೇ ಆಗಬೇಕು, ಶಾಲೆ ಶುರುವಾಗುವುದರೊಳಗೆ ತರದಿದ್ದರೆ ಸಾಲಿನಲ್ಲಿ ಬೇರೆಯವರಿದ್ದಾರೆ ಅಂತಲೂ ಅಂದಿದ್ದರು.

ಅಮ್ಮ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ತೆರೆದು ಹುಡುಗಿಯ ಸಂಖ್ಯೆ ಹಾಕಿದಳು. ಹೆಸರು ಬಂತು. ಹೆಸರಿನ ಎದುರು ಕೆಂಪಕ್ಷರದಲ್ಲಿ: ಶಾಲೆ ಬಿಟ್ಟಿದ್ದಾಳೆ.

ಹುಡುಗಿ ಕುರ್ಚಿಯ ಹಿಂದಿನಿಂದ ಬಗ್ಗಿ ಓದಿದಳು.

"ಮಿಸ್, ನಾನು ಯಾವಾಗ ಬಿಟ್ಟೆ?"

ಅಮ್ಮ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ಇಳಿಸಿದಳು, ಮಗುವಿನ ಕಣ್ಣಿಗೆ ಬಿಸಿಲು ಬೀಳದಂತೆ ಪರದೆ ಎಳೆದ ಹಾಗೆ.

ಅಜ್ಜಿಗೆ ಕನ್ನಡ ಓದಲು ಬಾರದು, ಆದರೆ ಮುಖ ಓದಲು ಬರುತ್ತದೆ. "ಆಗದಿದ್ದರೆ ಬಿಡೀಮಾ," ಎಂದರು ಮೆಲ್ಲಗೆ. "ಹೊಸೂರಲ್ಲಿ ನನ್ನ ದೊಡ್ಡ ಮಗಳಿಗೆ ಕೂಸಾಗಿದೆ. ಇವಳು ಅಲ್ಲಿ ಒಂದು ವರ್ಷ ಕೂಸು ನೋಡ್ಕೊಂಡು ಇರ್ಲಿ. ಮುಂದಿನ ವರ್ಷ ನೋಡೋಣ."

ಒಂದು ವರ್ಷ ಅಂತ ಹೋದ ಹೆಣ್ಣುಮಕ್ಕಳ ಮುಂದಿನ ವರ್ಷ ಹೇಗಿರುತ್ತದೆ ಅಂತ ಅಮ್ಮನಿಗೆ ಗೊತ್ತು. ಅಜ್ಜಿಗೂ ಗೊತ್ತಿತ್ತು ಅಂತ ಕಾಣುತ್ತದೆ, ಹೇಳುವಾಗ ಮೊಮ್ಮಗಳ ಕಡೆ ನೋಡಲಿಲ್ಲ. ಹಾಗೇನಾದರೂ ಆಗಿದ್ದರೆ ಕಂಪ್ಯೂಟರ್ ಹೇಳಿದ್ದೇ ನಿಜವಾಗುತ್ತಿತ್ತು.

ನನ್ನ ಬಗ್ಗೆ ನಿಜ ಹೇಳಬೇಕೆಂದರೆ, ಆ ಕೆಂಪಕ್ಷರ ನೋಡಿ ನನಗೆ ಸಿಟ್ಟೂ ಬಂತು, ಒಳಗೊಳಗೇ ಖುಷಿಯೂ ಆಯಿತು. ಸಭೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು? ಮೊದಲ ಬೆಂಚಿನಲ್ಲಿ ಕೂತ ಮಗುವನ್ನು ಶಾಲೆ ಬಿಟ್ಟವಳು ಅನ್ನುವ ಯಂತ್ರಕ್ಕೆ ನೀವು ಕಾನೂನಿನ ಬಲ ಕೊಡುತ್ತೀರಾ, ಅಧ್ಯಕ್ಷರೇ? ವಾಕ್ಯ ತಾನಾಗಿಯೇ ತಲೆಯಲ್ಲಿ ಸಿದ್ಧವಾಗಿಬಿಟ್ಟಿತ್ತು.

ಮರುದಿನ ಅಮ್ಮನ ಜೊತೆ ಶಿಕ್ಷಣಾಧಿಕಾರಿಯ ಕಚೇರಿಗೆ ನಾನೂ ಹೋದೆ. ಅಲ್ಲಿ ಈ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವರು ಒಬ್ಬ ಸೌಮ್ಯ ಮನುಷ್ಯ. ಮೇಜಿನ ಮೇಲೆ ಸಣ್ಣ ಫ್ಯಾನು ಇಟ್ಟುಕೊಂಡು, ಅದನ್ನು ಬಂದವರ ಕಡೆಗೇ ತಿರುಗಿಸಿದ್ದರು. ಅಮ್ಮನನ್ನು ನೋಡಿ ಎದ್ದು ನಿಂತರು. ಪರದೆ ನಮ್ಮ ಕಡೆ ತಿರುಗಿಸಿದರು.

"ನೋಡಿ ಮೇಡಂ, ಈ ಗುರುತು ತೆಗೀಬೇಕಾದ್ರೆ ಒಂದು ಕಾರಣ ಆರಿಸ್ಬೇಕು. ಪಟ್ಟಿಯಲ್ಲಿ ಇರೋದೇ ಇಷ್ಟು. ವಲಸೆ ಹೋಗಿ ವಾಪಸ್ ಬಂದ್ರು. ಕಾಯಿಲೆ. ಖಾಸಗಿ ಶಾಲೆಗೆ ಹೋಗಿದ್ರು. ಶಾಲೆಯವರ ತಪ್ಪು ನಮೂದು. ತಾಂತ್ರಿಕ ದೋಷ." ಆಮೇಲೆ ದನಿ ತಗ್ಗಿಸಿ, "ತಾಂತ್ರಿಕ ದೋಷ ಅಂತ ಬರ್ಕೊಡಿ. ನನ್ನ ಲಾಗಿನ್‌ನಲ್ಲೇ ತೆಗೀತೀನಿ. ಯಾರಿಗೂ ತೊಂದರೆ ಇಲ್ಲ," ಎಂದರು.

"ಶಾಲೆಯವರ ತಪ್ಪು ಅಂದ್ರೆ?" ಅಮ್ಮ ಕೇಳಿದಳು.

"ಅಯ್ಯೋ, ಅದು ಉದ್ದ. ಯಾವ ಶಾಲೆಯಿಂದ ತಪ್ಪಾಯ್ತೋ ಅದರ ಹೆಡ್ಡು ಬಂದು, ಏನಾಯ್ತು ಅಂತ ಬರೆದು ಸೈನ್ ಹಾಕ್ಬೇಕು. ಆಮೇಲೆ ಮೇಲಿನವರು ಒಪ್ಪಬೇಕು. ಆ ಹೆಡ್ಡಿಗೂ ನೋಟಿಸು, ನಿಮಗೂ ನೋಟಿಸು. ಯಾಕೆ ಬೇಕು ಮೇಡಂ?"

ಅಮ್ಮ ಬ್ಯಾಗಿನಿಂದ ಪೆನ್ನು ತೆಗೆದಳು, ಕ್ಯಾಪು ತೆರೆದಳು, ಮತ್ತೆ ಮುಚ್ಚಿದಳು. "ನಾಳೆ ಬರ್ತೀನಿ," ಎಂದಳು.

ದಾರಿಯುದ್ದಕ್ಕೂ ನಾನು ಹಾರಾಡುತ್ತಿದ್ದೆ. "ತಾಂತ್ರಿಕ ದೋಷ! ಅವರ ಬಾಯಿಂದಲೇ ಬಂತು. ಬರೆದು ಕೊಡಮ್ಮ, ಅದರ ಒಂದು ಪ್ರತಿ ನನಗೂ ಕೊಡು. ಸಭೇಲಿ ಎತ್ತಿ ತೋರಿಸ್ತೀನಿ."

ಅಮ್ಮ ಮನೆಗೆ ಬಂದು ಬ್ಯಾಗು ಇಟ್ಟಳು. ಕುಕ್ಕರ್ ಇಡಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, "ದೋಷ ಇಲ್ಲ ಕಣೇ," ಎಂದಳು. "ಕಂಪ್ಯೂಟರ್ ಸುಳ್ಳು ಹೇಳಿಲ್ಲ. ನಾವು ಹೇಳಿದ್ದನ್ನೇ ಹೇಳಿದೆ."

ಅಮ್ಮನ ಶಾಲೆಯನ್ನು ನೋಡದವರಿಗೆ ಇದು ಅರ್ಥವಾಗುವುದಿಲ್ಲ. ಶಿವಾಜಿನಗರಕ್ಕೂ ಹಲಸೂರಿಗೂ ನಡುವೆ ಒಂದು ಹಳೆಯ ಕಲ್ಲಿನ ಕಟ್ಟಡ, ಒಂದೇ ಗೇಟು. ಗೇಟಿನ ಮೇಲೆ ಆಗ ಮೂರು ಬೋರ್ಡು: ತಮಿಳು ಶಾಲೆ, ಉರ್ದು ಶಾಲೆ, ಕನ್ನಡ ಶಾಲೆ. ಒಂದೊಂದಕ್ಕೂ ಒಂದೊಂದು ಜಗಲಿ, ನಡುವೆ ಒಂದು ಅಂಗಳ, ಅಂಗಳದಲ್ಲಿ ಹೊಂಗೆ ಮರ, ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡು. ಮೂರೂ ಶಾಲೆಗೆ ಅದೇ ಗಂಟೆ. ಹೊಡೆಸುವ ಹಕ್ಕು ಉರ್ದು ಶಾಲೆಯ ಹೆಡ್‌ಮಾಸ್ಟರದ್ದು, ಯಾಕೆಂದರೆ ಮೂವರಲ್ಲಿ ಸರಿಯಾಗಿ ನಡೆಯುವ ಕೈಗಡಿಯಾರ ಇದ್ದದ್ದು ಅವರಲ್ಲೇ. ಸರ್ಕಾರದ ಲೆಕ್ಕದಲ್ಲಿ ಮೂರು ಶಾಲೆ. ಒಳಗಿರುವವರಿಗೆ ಒಂದು ಮನೆ, ಮೂರು ಕೋಣೆ. ಒಬ್ಬ ಟೀಚರಿಗೆ ಮೀಟಿಂಗ್ ಬಂದರೆ ಅವರ ಮಕ್ಕಳು ಅಂಗಳ ದಾಟಿ ಇನ್ನೊಬ್ಬರ ಜಗಲಿಯಲ್ಲಿ ಕೂರುವುದು ಅಲ್ಲಿ ಎಂದಿನ ಪದ್ಧತಿ. ಕೂತವರಿಗೆ ಯಾವ ಪಾಠ ನಡೆಯುತ್ತಿದೆಯೋ ಅದೇ ಪಾಠ. ನಾನು ಚಿಕ್ಕವಳಿದ್ದಾಗ ರಜೆಗಳಲ್ಲಿ ಅಮ್ಮನ ಜೊತೆ ಹೋಗಿ ಉರ್ದು ಜಗಲಿಯಲ್ಲಿ ಕೂತು ಅಲಿಫ್, ಬೇ ಕಲಿತದ್ದೂ ಹೀಗೇ.

ಈ ಹುಡುಗಿ ತಮಿಳು ಶಾಲೆಯವಳು. ಅವಳು ಐದನೆಯದಕ್ಕೆ ಬರುವ ಹೊತ್ತಿಗೆ ಅಲ್ಲಿ ಉಳಿದದ್ದು ಒಬ್ಬರೇ ಟೀಚರ್, ಅವರೇ ಹೆಡ್‌ಮಿಸ್. ಅವರು ಹೊರಗೆ ಹೋದಾಗಲೆಲ್ಲ ಮಕ್ಕಳು ಅಮ್ಮನ ಜಗಲಿಗೆ ಬರುತ್ತಿದ್ದರು. ಉಳಿದವರು ವಾಪಸ್ಸು ಹೋಗುತ್ತಿದ್ದರು, ಇವಳು ಹೋಗುತ್ತಿರಲಿಲ್ಲ. ಮುಂದೆ ಹೈಸ್ಕೂಲಿಗೆ ಕನ್ನಡವೇ ಬೇಕು ಅಂತ ಅಜ್ಜಿಯೂ ಹೇಳಿದ್ದರು. ಸರಿ, ಇಲ್ಲೇ ಇರಲಿ ಅಂತಾಯಿತು. ಆದರೆ ಕಂಪ್ಯೂಟರಿನಲ್ಲಿ ಅವಳನ್ನು ಈ ಕಡೆಗೆ ತಂದರೆ ತಮಿಳು ಶಾಲೆಯ ಮಕ್ಕಳ ಸಂಖ್ಯೆ ಇನ್ನಷ್ಟು ಇಳಿದು, ಶಾಲೆಯನ್ನೇ ಮುಚ್ಚಿಬಿಡುತ್ತಾರೆ. ಹೆಡ್‌ಮಿಸ್ ನಿವೃತ್ತಿಯಾಗಲು ಸ್ವಲ್ಪ ಸಮಯ ಇತ್ತು. ತಮ್ಮ ಕಣ್ಣೆದುರು ಬೋರ್ಡು ಇಳಿಸುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ.

"ಹೆಸರು ಅಲ್ಲೇ ಇರ್ಲಿ, ಮಗು ಇಲ್ಲಿರ್ಲಿ ಅಂದ್ವಿ," ಎಂದಳು ಅಮ್ಮ. "ಅಂಗಳ ತಾನೇ? ಕೂಗಿದ್ರೆ ಕೇಳ್ಸುತ್ತೆ."

ಆಮೇಲೆ ಆ ಹೆಡ್‌ಮಿಸ್ ನಿವೃತ್ತರಾದರು, ತಮಿಳು ಶಾಲೆ ಮುಚ್ಚಿತು. ಉಳಿದ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಲು ಹೊರಗಿನಿಂದ ಒಬ್ಬರು ಬಂದರು. ಕೋಣೆಯಲ್ಲಿ ಕಂಡ ಮಕ್ಕಳನ್ನೆಲ್ಲ ವರ್ಗ ಮಾಡಿದರು. ಪಟ್ಟಿಯಲ್ಲಿದ್ದೂ ಕೋಣೆಯಲ್ಲಿ ಕಾಣದವಳು ಒಬ್ಬಳಿದ್ದಳು. ಅವಳ ಹೆಸರಿನ ಎದುರು ಆ ಗುರುತು ಒತ್ತಿ ಹೋದರು. ಅವರನ್ನು ದೂರುವ ಹಾಗಿಲ್ಲ. ಅಂಗಳದ ಆಚೆ ನೋಡಬೇಕು ಅಂತ ಅವರಿಗೆ ಯಾರು ಹೇಳಿದ್ದರು?

"ಎಲ್ಲರ ಜೊತೆ ಇವಳ ಹೆಸರೂ ಕಂಪ್ಯೂಟರಲ್ಲಿ ವರ್ಗ ಆಗಿರುತ್ತೆ ಅಂದ್ಕೊಂಡೆ. ಆಗಿಲ್ಲ ಅಂತ ಗೊತ್ತಾದ ಮೇಲೆ, ಕೇಳೋಕೆ ಹೋದ್ರೆ ಅಕ್ಕನ ಹೆಸರು ಬರುತ್ತೆ ಅಂತ ಇವತ್ತು ನಾಳೆ ಮಾಡ್ದೆ," ಎಂದಳು ಅಮ್ಮ. ಆ ಹೆಡ್‌ಮಿಸ್‌ರನ್ನು ಅವಳು ಅಕ್ಕ ಎನ್ನುವುದು. "ಈಗ್ಲೂ ಅಷ್ಟೇ. ಮಗುಗೋಸ್ಕರ ತಾಂತ್ರಿಕ ದೋಷ ಅಂತ ಒಂದು ಸುಳ್ಳು ಬರೀತೀನಿ. ಆದ್ರೆ ನೀನು ಅದನ್ನ ಹಿಡ್ಕೊಂಡು ಸಭೇಲಿ ಕುಣೀಬೇಡ."

ನಾನು ಬಾಯಿ ತೆರೆದೆ. ಹೊರಬಂದದ್ದು ಯಾರ ಪಕ್ಷದ ಮಾತು ಅಂತ ನನಗೇ ಆಶ್ಚರ್ಯ. "ಅಲ್ಲಮ್ಮ, ಕಂಪ್ಯೂಟರ್ ತಪ್ಪು ಮಾಡಿಲ್ಲ ಅಂದ್ಮೇಲೆ ಅದರ ತಲೆಗೆ ಯಾಕೆ ಕಟ್ತೀಯ? ಅದು ನಿನ್ನ ಪಕ್ಷದ್ದಲ್ವಾ?"

"ಅದಕ್ಕೆ ಪೆನ್ಷನ್ ಇಲ್ಲ. ಅಕ್ಕನಿಗಿದೆ."

"ನೀನು ದಿನಾ ಹೇಳ್ತೀಯಲ್ಲ, ಮಗು ಎಲ್ಲಿದೆ ಅಂತ ಸರಿಯಾಗಿ ಬರೆದಿಟ್ರೆ ಸಾಕು ಅಂತ. ಬರೀ ಮತ್ತೆ!"

"ನೀನು ದಿನಾ ಹೇಳ್ತೀಯಲ್ಲ, ಅದನ್ನ ನಂಬಬೇಡಿ ಅಂತ. ನಂಬಬೇಡ ಮತ್ತೆ!"

ಅಪ್ಪ ಬಾಗಿಲಲ್ಲಿ ನಿಂತಿದ್ದರು. "ಕುಕ್ಕರೇ ಇಟ್ಟಿಲ್ಲ, ಹೇಗೆ ಇಬ್ಬರೂ ಪಕ್ಷ ಬದಲಾಯಿಸ್ಕೊಂಡ್ರಿ?" ಎಂದರು.

ಅಕ್ಕನನ್ನು ಕೇಳದೆ ಯಾವುದನ್ನೂ ಬರೆಯುವುದಿಲ್ಲ ಅಂತ ಕೊನೆಗೆ ಒಪ್ಪಂದವಾಯಿತು. ಮಾರನೆಯ ದಿನ ಮೂವರು ಮೆಟ್ರೋ ಹತ್ತಿದೆವು, ಅಮ್ಮ, ನಾನು, ಹುಡುಗಿ. ಹಳೇ ಮಿಸ್‌ನ ನೋಡ್ಬೇಕು ಅಂತ ಅವಳು ಹಟ ಹಿಡಿದಿದ್ದಳು. ಬೈಯಪ್ಪನಹಳ್ಳಿ ದಾಟಿದ ಮೇಲೆ ಕಿಟಕಿಗೆ ಮೂಗು ಒತ್ತಿ, ಹಳಿಗಳ ಮೇಲೆ ನಿಂತ ಗೂಡ್ಸ್ ರೈಲಿನ ಡಬ್ಬಿಗಳನ್ನು ತಮಿಳಿನಲ್ಲಿ ಎಣಿಸಲು ಶುರು ಮಾಡಿ, ನಡುವೆ ಎಲ್ಲೋ ಕನ್ನಡಕ್ಕೆ ಹೊರಳಿದಳು.

ನಿವೃತ್ತ ಹೆಡ್‌ಮಿಸ್ ಕೆ.ಆರ್. ಪುರ ಸಂತೆಯ ಹಿಂದಿನ ಬೀದಿಯಲ್ಲಿ ಮಗಳ ಮನೆಯಲ್ಲಿದ್ದರು. ಬಾಗಿಲು ತೆರೆದವರೇ ನಮ್ಮಿಬ್ಬರನ್ನೂ ಬಿಟ್ಟು ಹುಡುಗಿಯ ಗಲ್ಲ ಹಿಡಿದರು. "ವಾಡೀ ಕಣ್ಣು, ವಾ! ಇಷ್ಟು ಉದ್ದ ಆಗ್ಬಿಟ್ಟಿದ್ದೀಯಾ?" ಆಮೇಲೆ ಅಮ್ಮನ ಕಡೆ ತಿರುಗಿ, "ಏನಮ್ಮಾ, ಮಗಳನ್ನೂ ವಕೀಲರನ್ನೂ ಒಟ್ಟಿಗೇ ಕರ್ಕೊಂಡು ಬಂದಿದ್ದೀಯ. ಏನು ಕೇಸು?"

"ಇಬ್ಬರೂ ಒಬ್ಳೇ ಅಕ್ಕಾ. ಕೇಸು ನಮ್ದೇ."

ಅಮ್ಮ ವಿಷಯ ಹೇಳಿದಳು. ಹೇಳುವಾಗ ಅಕ್ಕನ ಹೆಸರನ್ನು ಎಲ್ಲ ಕಡೆಯೂ ಬಿಟ್ಟು, ಎಲ್ಲ ತಾನೇ ಮಾಡಿದ ಹಾಗೆ ಹೇಳಿದಳು. ಅಮ್ಮನ ಅಕ್ಕ, ನನಗೆ ಆಂಟಿ, ಚಕ್ಕುಲಿ ಮುರಿದು ಹುಡುಗಿಯ ತಟ್ಟೆಗೆ ಹಾಕುತ್ತಾ ಪೂರ್ತಿ ಕೇಳಿದರು.

"ನೀನೊಬ್ಳೇ ಇಷ್ಟೆಲ್ಲಾ ಮಾಡ್ದ್ಯಾ?" ಎಂದರು. "ನಾನೇನು ಆಗ ಊಟಿಗೆ ಹೋಗಿದ್ನಾ?"

"ಅದಕ್ಕಲ್ಲ ಅಕ್ಕ. ತಾಂತ್ರಿಕ ದೋಷ ಅಂದ್ರೆ ಇವತ್ತೇ ಮುಗಿಯುತ್ತೆ. ನಿಮ್ಮನ್ನ ಯಾರೂ ಕರೆಯಲ್ಲ. ಗುರುತು ಅಳಿಸ್ತಾರೆ, ಅಷ್ಟೇ."

"ಅಳಿಸಿದ್ರೆ ನಾನು ಎಲ್ಲಿಗೆ ಬರ್ತೀನಿ ಮಿಸ್?" ಹುಡುಗಿ ಕೇಳಿದಳು.

ಅಮ್ಮನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಎಲ್ಲಿಗೆ ಅಂದ್ರೆ?"

"ನಾನು ಬಿಟ್ಟಿಲ್ಲ ಅಂತ ಆಗುತ್ತೆ. ಆವಾಗ ಎಲ್ಲಿ ಇದ್ದೆ ಅಂತ ಇರುತ್ತೆ? ಇವರ ಐದನೇ ಕ್ಲಾಸಲ್ಲಿ?" ಚಕ್ಕುಲಿ ಕೈಯಲ್ಲೇ ಉಳಿದಿತ್ತು. "ಆರು, ಏಳು ಮತ್ತೆ ಓದ್ಬೇಕಾ?"

ಅವಳು ಹೇಳಿದ್ದು ಸರಿ. ಗುರುತು ಹೋದರೆ ಕಂಪ್ಯೂಟರ್ ಅವಳನ್ನು ಎಲ್ಲಿ ಕೊನೆಗೆ ಕಂಡಿತ್ತೋ ಅಲ್ಲಿಗೇ ಕೊಂಡೊಯ್ದು ನಿಲ್ಲಿಸುತ್ತದೆ: ಈಗ ಇಲ್ಲದ ಶಾಲೆಯ ಐದನೇ ತರಗತಿಯಲ್ಲಿ. ಕನ್ನಡ ಜಗಲಿಯಲ್ಲಿ ಕೂತು ಕಲಿತದ್ದು ಯಾವುದೂ ನಡೆದೇ ಇಲ್ಲ ಅಂತಾಗುತ್ತದೆ. ಕಾನೂನು ಓದಿದ ನಾನು, ಶಾಲೆ ನಡೆಸಿದ ಅವರಿಬ್ಬರು, ನಮ್ಮಲ್ಲಿ ಯಾರೂ ಅಷ್ಟು ಮುಂದೆ ಯೋಚಿಸಿರಲಿಲ್ಲ. ನಾವು ಯೋಚಿಸುತ್ತಿದ್ದದ್ದು ನೋಟಿಸಿನ ಬಗ್ಗೆ. ಅವಳಿಗೆ ಇದ್ದ ಭಯ ಬೇರೆ.

ಆಂಟಿ ಎದ್ದು ಒಳಗೆ ಹೋದರು. ಬಂದಾಗ ಸೀರೆ ಬದಲಾಯಿಸಿದ್ದರು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಇನ್‌ಸ್ಪೆಕ್ಷನ್ ದಿನ ಉಡುವಂಥದ್ದು.

"ನಡೀರಿ," ಎಂದರು.

"ಅಕ್ಕಾ, ನೋಟಿಸ್ ಬರುತ್ತೆ."

"ಬರ್ಲಿ. ನಿವೃತ್ತಿ ಆದ್ಮೇಲೆ ನನಗೆ ಯಾರೂ ಕಾಗದಾನೇ ಬರೆದಿಲ್ಲ."

ಕಚೇರಿಯ ಸೌಮ್ಯ ಮನುಷ್ಯ ಇಬ್ಬರು ಹೆಡ್‌ಮಿಸ್‌ಗಳು ಅಕ್ಕಪಕ್ಕ ಕೂತು ಬರೆಯುವುದನ್ನು ಕೈಕಟ್ಟಿ ನೋಡಿದರು. ಆಂಟಿಗೆ ಕನ್ನಡ ಬರವಣಿಗೆ ನಿಧಾನ. ಆದ್ದರಿಂದ ಅವರು ಹೇಳಿದರು, ಅಮ್ಮ ಬರೆದಳು. ಬರೆಯುವಾಗ ಅಮ್ಮ ಒಂದು ಕಡೆ ಮೆತ್ತಗೆ ಮಾಡಲು ನೋಡಿದಳು. "ಕಣ್ತಪ್ಪಿನಿಂದ ಅಂತ ಹಾಕ್ಲಾ?"

"ಕಣ್ಣು ಚೆನ್ನಾಗೇ ಇತ್ತು," ಎಂದರು ಆಂಟಿ. "ಮಗು ಕನ್ನಡ ಶಾಲೆಯಲ್ಲಿ ಕೂರುತ್ತಿತ್ತು, ನಮ್ಮ ಶಾಲೆ ಉಳಿಯಲಿ ಎಂದು ಹೆಸರನ್ನು ನಮ್ಮಲ್ಲೇ ಇಟ್ಟುಕೊಂಡೆವು. ಹಾಗೇ ಬರಿ."

ಆ ಮನುಷ್ಯ ಅದನ್ನು ಓದಿ ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಇಂಥ ಕಾರಣ ನಮ್ಮ ಪಟ್ಟಿಯಲ್ಲಿಲ್ಲ ಮೇಡಂ," ಎಂದರು. ಆಮೇಲೆ ನಿಟ್ಟುಸಿರು ಬಿಟ್ಟು, ಶಾಲೆಯವರ ತಪ್ಪು ನಮೂದು ಅನ್ನುವುದನ್ನು ಒತ್ತಿ, ಮೇಲಿನವರಿಗೆ ಕಳಿಸಿದರು. "ಅವರು ಯಾವಾಗ ಒಪ್ತಾರೋ ನನ್ನ ಕೈಲಿಲ್ಲ."

ಸಾರ್ವಜನಿಕ ಸಭೆ ನಡೆದದ್ದು ಇನ್ನೂ ಉತ್ತರ ಬಾರದೆ ಇದ್ದಾಗ. ಬಿಳಿ ಟವೆಲ್ ಹೊದಿಸಿದ ಕುರ್ಚಿಗಳು, ಮುಂದೆ ನೀರಿನ ಬಾಟಲಿಗಳು. ಅಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನನಗಿದ್ದದ್ದು ಮೂರು ನಿಮಿಷ. ನಾನು ಸಿದ್ಧ ಮಾಡಿಕೊಂಡಿದ್ದ ಭಾಷಣ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ. ಮಕ್ಕಳ ವಿವರ ಯಾರ ಕೈಗೆ ಹೋಗುತ್ತದೆ, ಎಷ್ಟು ವರ್ಷ ಇರುತ್ತದೆ, ಯಾರು ಅಳಿಸುತ್ತಾರೆ ಎನ್ನುವ ಪ್ರಶ್ನೆಗಳನ್ನು ಕೇಳಿದೆ. ಅವುಗಳನ್ನು ನಾನು ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡುವುದೂ ಇಲ್ಲ. ಆದರೆ ಉಳಿದ ಸಮಯವನ್ನು ಒಂದೇ ಕಲಮಿಗೆ ಕೊಟ್ಟೆ. ದಾಖಲೆಯಲ್ಲಿ ತಪ್ಪಿದ್ದರೆ ಶಾಲೆಯ ಮುಖ್ಯಸ್ಥರು ಅರ್ಜಿ ಹಾಕಬೇಕು, ಅದನ್ನು ಸೂಕ್ತ ಕಾಲಾವಧಿಯಲ್ಲಿ ತೀರ್ಮಾನಿಸಲಾಗುವುದು ಅಂತ ಕರಡಿನಲ್ಲಿತ್ತು.

"ಸೂಕ್ತ ಅಂದರೆ ಯಾರಿಗೆ ಸೂಕ್ತ?" ಎಂದು ಕೇಳಿದೆ. "ಎಂಟನೇ ತರಗತಿ ಶುರುವಾಗುವ ದಿನ ಯಾರಿಗೂ ಕಾಯುವುದಿಲ್ಲ. ಇಲ್ಲಿ ಇನ್ನೊಂದು ವಾಕ್ಯ ಸೇರಿಸಿ. ದಾಖಲೆಯಲ್ಲಿನ ತಪ್ಪಿನ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸತಕ್ಕದ್ದಲ್ಲ. ತಪ್ಪು ಸರಿಯಾಗುವವರೆಗೆ ಆ ಮಗು ಶಾಲೆಯಲ್ಲಿಯೇ ಇದೆ ಎಂದು ಭಾವಿಸತಕ್ಕದ್ದು."

ಹುಡುಗಿಯ ಕಥೆ ಹೇಳಲಿಲ್ಲ. ಅದು ನನ್ನ ಉದಾಹರಣೆಯಾಗುವುದಕ್ಕಿಂತ ಮೊದಲು ಅವಳ ಎಂಟನೇ ತರಗತಿ. ಅಧ್ಯಕ್ಷರು "ಗಮನಿಸಿದ್ದೇವೆ" ಎಂದು ಮುಂದಿನವರನ್ನು ಕರೆದರು. ಹೊರಗೆ ಬಂದಾಗ ಅಮ್ಮ, "ಆ ತಕ್ಕದ್ದು ಚೆನ್ನಾಗಿತ್ತು," ಎಂದಳು. ನನ್ನ ಇಷ್ಟು ವರ್ಷದ ಚರ್ಚೆಗಳಿಗೆಲ್ಲ ಸೇರಿ ಅವಳಿಂದ ಸಿಕ್ಕ ಮೊದಲ ಬಹುಮಾನ.

ಶಾಲೆ ಶುರುವಾದ ದಿನ ಬೆಳಿಗ್ಗೆಯೂ ಒಪ್ಪಿಗೆ ಬಂದಿರಲಿಲ್ಲ. ಆದರೂ ಹೋದೆವು. ಹೊಸ ಯೂನಿಫಾರಂ ಇನ್ನೂ ಸಿಗದಿದ್ದರಿಂದ ಹುಡುಗಿ ಹಳೆಯದನ್ನೇ ಹಾಕಿಕೊಂಡಿದ್ದಳು. ಅಜ್ಜಿಯ ಇಸ್ತ್ರಿಗೆ ಅದರ ಮಡಿಕೆಗಳು ಕತ್ತಿಯ ಹಾಗೆ ನಿಂತಿದ್ದವು. ಹೈಸ್ಕೂಲಿನ ಹೆಡ್‌ಮಾಸ್ಟರು ಅಮ್ಮನ ಮಾತು ಕೇಳಿ, ಹುಡುಗಿಯ ಅಂಕಗಳನ್ನು ನೋಡಿ, ಎದ್ದು ಬಂದು ಅವಳ ತಲೆ ಸವರಿದರು.

"ಅಷ್ಟೇ ತಾನೇ ಮೇಡಂ? ಸುಮ್ನೆ ಕ್ಲಾಸಲ್ಲಿ ಕೂತಿರ್ಲಿ. ಕಂಪ್ಯೂಟರ್ ಆಮೇಲೆ ನಿಧಾನವಾಗಿ ನೋಡ್ಕೊಂಡ್ರಾಯ್ತು," ಎಂದರು.

ಎಷ್ಟು ಒಳ್ಳೆಯ ಮಾತು. ಎಷ್ಟು ಪರಿಚಿತ ಮಾತು. ಅಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಎರಡು ವರ್ಷದ ಹಿಂದೆ ಅಂಗಳದಲ್ಲಿ ಇಬ್ಬರು ಗೆಳತಿಯರು ಹೇಳಿಕೊಂಡದ್ದೂ ಇದನ್ನೇ.

"ಕೂತ್ಕೊಳ್ಳಲಿ ಸರ್," ಎಂದಳು ಅಮ್ಮ. "ಆದ್ರೆ ನಿಧಾನ ಬೇಡ. ನಾನು ಇಲ್ಲೇ ಕಾಯ್ತೀನಿ."

"ಇಲ್ಲೇ ಅಂದ್ರೆ?"

ಅಮ್ಮ ಆಗಲೇ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು. ತನ್ನ ಶಾಲೆಗೆ ಒಂದು ದಿನ ರಜೆ ಹಾಕಿ ಬಂದಿದ್ದಳು. ಗಳಿಗೆಗೊಮ್ಮೆ ಕಚೇರಿಗೆ ಫೋನು. ಆ ಸೌಮ್ಯ ಮನುಷ್ಯ ಮೊದಮೊದಲು "ನೋಡ್ತೀನಿ ಮೇಡಂ" ಎನ್ನುತ್ತಿದ್ದವರು, ಆಮೇಲೆ "ನಾನೇ ಮೇಲಿನವರ ಹತ್ರ ಹೋಗ್ತಿದೀನಿ ಮೇಡಂ, ದಯವಿಟ್ಟು ಐದು ನಿಮಿಷ ಫೋನ್ ಮಾಡ್ಬೇಡಿ," ಎಂದರು.

"ನೋಡು, ಕಾನೂನಿದ್ದಿದ್ರೆ ಹೀಗೆ ಕೂರ್ಬೇಕಾಗಿರ್ಲಿಲ್ಲ," ಎಂದಳು ಅಮ್ಮ ನನಗೆ.

"ಕರಡಿನ ಪ್ರಕಾರವೂ ಕೂತೇ ಇರ್ಬೇಕಿತ್ತು. ಸೂಕ್ತ ಕಾಲಾವಧಿ."

"ನಿನ್ನ ವಾಕ್ಯ ಸೇರಿಸಿದ್ರೆ?"

"ಸೇರಿಸಿದ್ರೆ ನೋಡೋಣ."

"ಅಂದ್ರೆ ನೀನೂ ಪರ."

"ಒಂದು ವಾಕ್ಯಕ್ಕೆ ಪರ. ಉಳಿದದ್ದಕ್ಕೆ ವಿರೋಧ."

"ಅಷ್ಟು ಸಾಕು ಈಗ," ಎಂದು ಬ್ಯಾಗಿನಿಂದ ಚಿತ್ರಾನ್ನದ ಡಬ್ಬಿ ತೆಗೆದಳು.

ಊಟದ ಬಿಡುವಿನಲ್ಲಿ ಹುಡುಗಿ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. "ಮಿಸ್, ಇನ್ನೂ ಹೋಗಿಲ್ವಾ ನೀವು? ಈಗ ಎಲ್ಲಿದೀನಿ ಅಂತ ತೋರಿಸ್ತಿದೆ?"

ಅಮ್ಮ ಫೋನ್ ನೋಡಿದಳು. ಕೆಂಪಕ್ಷರ ಹಾಗೇ ಇತ್ತು. "ಇನ್ನೂ ಅಂಗಳ ದಾಟ್ತಾ ಇದ್ದೀಯ," ಎಂದಳು. "ಹೋಗು, ಗಂಟೆ ಆಯ್ತು."

ಒಪ್ಪಿಗೆ ಬಂದದ್ದು ಮಧ್ಯಾಹ್ನದ ಮೊದಲ ಪೀರಿಯಡ್ಡು ನಡೆಯುತ್ತಿದ್ದಾಗ. ಅಮ್ಮ ಅದನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿ ನನಗೆ ಕೊಟ್ಟಳು. ಕನ್ನಡ ಶಾಲೆ, ಆರು, ಏಳು, ಉತ್ತೀರ್ಣ, ಎಂಟಕ್ಕೆ ವರ್ಗಾವಣೆ. ಇಬ್ಬರು ಹೆಡ್‌ಮಿಸ್‌ಗಳಿಗೂ ಕಾರಣ ಕೇಳಿ ನೋಟಿಸು ಕಳಿಸಲಾಗುವುದು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅಮ್ಮ ಅದನ್ನು ಅಕ್ಕನಿಗೆ ಕಳಿಸಿದಳು. "ಸದ್ಯ, ಯಾರೋ ಕಾಗದ ಬರೆದ್ರು," ಎಂದು ಉತ್ತರ ಬಂತು.

ಹೆಡ್‌ಮಾಸ್ಟರು ಟಿ.ಸಿ. ಪ್ರಿಂಟು ಹಾಕಿಸಿ, ಸಂಖ್ಯೆ ಹೊಡೆದು, ಹುಡುಗಿಯ ಹೆಸರನ್ನು ತಮ್ಮ ಶಾಲೆಗೆ ಸೇರಿಸಿಕೊಂಡರು. ಹಾಜರಿಯ ಕಡೆ ಬಂದು ಗಡಿಯಾರ ನೋಡಿದರು. "ಇವತ್ತು ಮಧ್ಯಾಹ್ನದಿಂದ ಹಾಕ್ತೀನಿ ಮೇಡಂ."

ಅಮ್ಮ ಬೆಂಚಿನಿಂದ ಎದ್ದು ಅವರ ಮೇಜಿನ ಹತ್ತಿರ ಹೋಗಿ ನಿಂತಳು.

"ಬೆಳಿಗ್ಗೆಯಿಂದ ಹಾಕಿ ಸರ್," ಎಂದಳು. "ಅವಳು ಬೆಳಿಗ್ಗೆಯಿಂದ ಇಲ್ಲೇ ಇದ್ದಾಳೆ."